ಗಾಣದೆಣ್ಣೆ ಸವರಿದ ತಟ್ಟೆ

ಶಿರೀಷಾಳ ಕೈಯಲ್ಲಿದ್ದ ಯಂತ್ರ, ಸಕ್ಕರೆ ಕಾಯಿಲೆಯವರು ರಕ್ತ ನೋಡಿಕೊಳ್ಳುವ ಪೆಟ್ಟಿಗೆಯಷ್ಟೇ ಇತ್ತು. ಅದನ್ನು ಕಂಡಾಗಲೆಲ್ಲ ತನುಜ ಮುಖ ತಿರುಗಿಸಿಕೊಳ್ಳುತ್ತಿದ್ದಳು.

ಇಬ್ಬರೂ ಒಂದೇ ಪ್ರಯೋಗಾಲಯದಲ್ಲಿ ದುಡಿದವರು. ಹಾಲಿನ ತಿಂಡಿಯಲ್ಲಿ ಕಡಲೆಕಾಯಿ ಚೂರೇ ಚೂರು ಬೆರೆತರೂ ಪತ್ತೆಯಾಗಬೇಕು, ಅದು ಒಗ್ಗದವರ ಜೀವ ಉಳಿಯಬೇಕು ಎಂಬುದು ಅವರ ಗುರಿ. ಆದರೆ ಹಾಲಿನ ಜಿಡ್ಡು ಪರೀಕ್ಷೆಯನ್ನೇ ಕೆಡಿಸುತ್ತಿತ್ತು. ಬೆಚ್ಚನೆಯ ಉಪ್ಪುನೀರಿನಲ್ಲಿ ಕುಲುಕಿ ಜಿಡ್ಡನ್ನು ತೇಲಿಸಿ ತೆಗೆಯುವ ಉಪಾಯ ಎರಡು ವರ್ಷ ತಿಣುಕಿದ ಮೇಲೆ ಹೊಳೆದದ್ದು ತನುಜಳಿಗೆ. ಆಮೇಲೆ ಅವಳು ಮದುವೆಯಾಗಿ ಗೌರಿಬಿದನೂರಿಗೆ ಬಂದು ಕಾಲೇಜಿನಲ್ಲಿ ಪಾಠ ಹೇಳತೊಡಗಿದಳು. ಈಗ, ೨೦೦೮ರಲ್ಲಿ, ಯಂತ್ರದ ಮೇಲೆ ಅಂಟಿಸಿದ ಚೀಟಿಯಲ್ಲಿದ್ದದ್ದು ಶಿರೀಷಾಳ ಹೆಸರೊಂದೇ.

ಯಂತ್ರ ಕೊಳ್ಳಬೇಕೆಂದಿದ್ದ ಹಾಲಿನ ಸಂಘದವರ ಮುಂದೆ ಅದರ ಪರೀಕ್ಷೆ ನಡೆದದ್ದು ನಗರಗೆರೆಯಲ್ಲಿ, ತನುಜಳ ದೊಡ್ಡತ್ತೆ ಅಮ್ಮಾಜಮ್ಮನ ಮನೆಯಲ್ಲಿ. ಆ ಸಂಘಕ್ಕೆ ಪಾಲ್‌ಕೋವಾ ಮಾಡಿಕೊಡುತ್ತಿದ್ದವರು ಅವರೇ. ಶಿರೀಷಾ ಚೂರು ಕೋವಾ ತೆಗೆದು ಉಪ್ಪುನೀರಿನಲ್ಲಿ ಕುಲುಕಿದಳು, ಮಣಿಕಟ್ಟು ತಿರುಗಿಸಿ, ಥೇಟ್ ತನುಜಳ ಹಾಗೆ. ಯಂತ್ರಕ್ಕೆ ಸಿಕ್ಕಿಸಿದ ಕಾಗದದ ಪಟ್ಟಿಯ ಮೇಲೆ ಹನಿ ಬಿದ್ದದ್ದೇ ಕೆಂಪು ದೀಪ ಹತ್ತಿತು. ಕಡಲೆಕಾಯಿ ಇದೆ.

ಅಮ್ಮಾಜಮ್ಮನ ಮುಖ ಕಪ್ಪಿಟ್ಟಿತು. ಮೊಮ್ಮಗಳಿಗೆ ಒಗ್ಗುವುದಿಲ್ಲವೆಂದು ಮನೆಯೊಳಕ್ಕೆ ಒಂದು ಬೀಜವನ್ನೂ ಬಿಡದವರು ಅವರು. ಸಂಘದ ನಲ್ಲಪ್ಪ ನಕ್ಕ.

“ಇದನ್ನ ಶಿಡ್ಲಘಟ್ಟಕ್ಕೆ ತಗೊಂಡೋಗಿ ರೇಷ್ಮೆಹುಳಕ್ಕೆ ಹಿಡೀರಮ್ಮ.”

ಮತ್ತೊಮ್ಮೆ ನೋಡಿದರೂ ಕೆಂಪೇ. ಸುಳ್ಳು ಹೇಳುವ ಪೆಟ್ಟಿಗೆ ಸಂಘಕ್ಕೆ ಬೇಡವೆಂದು ನಲ್ಲಪ್ಪ ಎದ್ದ. ಶಿರೀಷಾ ಪಟ್ಟಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ತನುಜಳಿಗೆ ಹಾಯೆನಿಸಿತು.

ಕಾರಣ ಅವಳಿಗೆ ಗೊತ್ತಿತ್ತು. ಕೋವಾ ಹರಡುವ ತಟ್ಟೆಗೆ ಅಮ್ಮಾಜಮ್ಮ ಗಾಣದಲ್ಲಿ ಆಡಿಸಿದ ಕಡಲೆಕಾಯಿ ಎಣ್ಣೆ ಸವರಿದ್ದನ್ನು ಒಳಗೆ ಬಂದಾಗಲೇ ಕಂಡಿದ್ದಳು. ಯಂತ್ರ ಹಿಡಿಯುವ, ಒಗ್ಗದವರಿಗೆ ಆಗದ ಕಾಯಿಯ ಪ್ರೋಟೀನ್ ಆ ಎಣ್ಣೆಯಲ್ಲಿ ಉಳಿದಿರುತ್ತದೆ. ಒಂದು ಮಾತು ಸಾಕಿತ್ತು. ಆ ಮಾತನ್ನು ನಾಲಗೆಯ ಕೆಳಗಿಟ್ಟುಕೊಂಡು ಕೂತಳು. ಯಂತ್ರ ಸುಳ್ಳೆಂದಾದರೆ ಚೀಟಿಯ ಮೇಲಿನ ಹೆಸರೂ ಹೋಗುತ್ತದಲ್ಲ.

ಕೋವಾದಲ್ಲಿ ಕಡಲೆಕಾಯಿ ಇಲ್ಲವೆಂದು ಎಲ್ಲರಿಗೂ ತೋರಿಸಲು ಅಮ್ಮಾಜಮ್ಮ ಮೊಮ್ಮಗಳನ್ನು ಕರೆದು ಒಂದು ತುಂಡು ಮುರಿದರು. ಮಗು ಹಿಂದೆ ಸರಿಯಿತು.

“ತುಟಿ ಉರಿಯುತ್ತೆ ಅಜ್ಜಿ.”

“ಕೋವಾ ಉಷ್ಣ ಕಣಮ್ಮ, ಏನಾಗಲ್ಲ. ತಿನ್ನು.”

ತನುಜ ಎದ್ದು ಆ ಕೈ ಹಿಡಿದಳು. “ತಟ್ಟೆಗೆ ಗಾಣದೆಣ್ಣೆ ಸವರಿದ್ದೀರಿ, ದೊಡ್ಡತ್ತೆ.”

“ಎಣ್ಣೆ ತಾನೆ? ಕಡ್ಲೆಕಾಯಿ ಅಲ್ವಲ್ಲ.”

“ಅದರಲ್ಲೇ ಇರೋದು.”

ಬೇರೆ ತಟ್ಟೆ ಉಜ್ಜಿ, ತುಪ್ಪ ಸವರಿ, ಬಾಣಲೆಯಲ್ಲಿ ಮಿಕ್ಕಿದ್ದ ಕೋವಾ ಹಾಕಿಕೊಟ್ಟವಳೂ ತನುಜಳೇ. ಹಸಿರು ದೀಪ ಹತ್ತಿತು. ಅಮ್ಮಾಜಮ್ಮ ಶಿರೀಷಾಳ ಎರಡೂ ಕೈಗಳನ್ನು ಕಣ್ಣಿಗೊತ್ತಿಕೊಂಡರು. ನಲ್ಲಪ್ಪ ಯಂತ್ರವನ್ನು ಮಗುವನ್ನೆತ್ತಿಕೊಂಡ ಹಾಗೆ ಎತ್ತಿಕೊಂಡ.

ಗೌರಿಬಿದನೂರಿನ ಬಸ್ಸಿನಲ್ಲಿ ಶಿರೀಷಾ ವರದಿಯ ಹಾಳೆ ತೆಗೆದಳು. ಈ ಸಲ ಇಬ್ಬರ ಹೆಸರೂ ಹಾಕುವುದಾಗಿ ಹೇಳಿ, ‘ತನುಜ’ ಎಂದು ಬರೆದೂಬಿಟ್ಟಳು. ಆಮೇಲೆ ಪೆನ್ನು ಎತ್ತಿ ಕೇಳಿದಳು.

“ತಟ್ಟೆ ಯಾವಾಗ ನೋಡ್ದೆ?”

ತನುಜ ಆ ಹೆಸರನ್ನೇ ನೋಡುತ್ತಿದ್ದಳು. ಶಾಯಿ ಇನ್ನೂ ಆರಿರಲಿಲ್ಲ.

“ಒಳಗೆ ಬಂದಾಗ್ಲೇ” ಎಂದಳು.