ಬಾಳೇಶ ಆನ್‌ಲೈನ್ ಇದ್ದಾನೆ

ಹಳದಿ ಇತ್ತು, ಈಗಷ್ಟೇ ಹಳದಿ ಇತ್ತು, ಚಹಾದ ಕಪ್ ಕೆಳಗಿಟ್ಟು ತಲೆ ಎತ್ತುವಷ್ಟರಲ್ಲಿ ಬೂದು — ಬಾಳೇಶನ ಹೆಸರಿನ ಪಕ್ಕದ ಆ ಪುಟ್ಟ ನಗುಮುಖ ಬಣ್ಣ ಕಳೆದುಕೊಂಡು ಕೂತಿದೆ, ಲೈನು ಹೋಯಿತೇ, ಇಲ್ಲ, ಮೋಡೆಮ್ಮಿನ ದೀಪ ಮಿನುಗುತ್ತಿದೆ, ಕರೆಂಟಿದೆ, ಎದುರಿನ ಹಿಟ್ಟಿನ ಗಿರಣಿ ಗರಗರ ಅನ್ನುತ್ತ ಮಹಾಂತೇಶ ನಗರದ ಕಿವಿಯನ್ನೆಲ್ಲ ತಿನ್ನುತ್ತಿದೆ, ಹಾಗಾದರೆ ಪ್ರೋಗ್ರಾಂ ನಿಂತಿತೇ, ಅದೂ ನಡೆದಿದೆ, ಪಾಪ, ಮೆಸೆಂಜರ್ ಕಂಪನಿಯ ಬಾಗಿಲು ಬಡಿಯುತ್ತಲೇ ಇದೆ, ಒಳಗಿನಿಂದ ಒಂದೇ ಉತ್ತರ, ಪ್ರವೇಶವಿಲ್ಲ, ಪ್ರವೇಶವಿಲ್ಲ, ಹಾಳಾದ್ದು ಇವತ್ತೇ ಆಗಬೇಕಿತ್ತೇ, ಇನ್ನೊಂದಿಷ್ಟು ದಿನ ತಡೆದಿದ್ದರೆ ಅವನ ತಂಗಿಯ ಹೆರಿಗೆ ಆಗಿಬಿಡುತ್ತಿತ್ತು, ಪುಣೆಯಲ್ಲಿ ಸಪ್ನಾ ಕಾಟಿನ ಮೇಲೆ ಮಲಗಿ ಇದನ್ನೇ ನೋಡುತ್ತಿರುತ್ತಾಳೆ, ಅವಳ ಕಂಪ್ಯೂಟರಿನಲ್ಲೂ ಅಣ್ಣ ಬೂದು. ಅಣ್ಣ ಸತ್ತು ಎರಡು ತಿಂಗಳ ಮೇಲಾಯಿತು, ಅದು ಅವಳಿಗೆ ಗೊತ್ತಿಲ್ಲ.

ಈ ಗೇಟ್‌ವೇ ಪ್ರೋಗ್ರಾಂ ಕಟ್ಟುವ ಹುಚ್ಚು ಅವನದು, ನನ್ನದಲ್ಲ, ಖಾನಾಪುರದಿಂದ ದಿನಾ ಮೋಟರ್‌ಸೈಕಲ್ ಹೊಡೆದುಕೊಂಡು ಬಂದು ಈ ಕೋಣೆಯಲ್ಲಿ ನನ್ನ ಎದುರು ಕೂರುತ್ತಿದ್ದ, ತಂಗಿಯ ಮೆಸೆಂಜರ್ ಒಂದು ಕಂಪನಿಯದು, ಇವನದು ಇನ್ನೊಂದರದು, ಇದರ ಮಾತು ಅದಕ್ಕೆ ಹೋಗದು, ಅಕಿ ಇರೂ ಕಡೆ ನೀನೂ ಸೇರಿಬಿಡೋ ಮುಗೀತು ಅಂದೆ, ಲೇ ಸಂಯಮ ಅಂದ ಅವನು, ಇವತ್ತ ತಂಗಿ, ನಾಳೆ ಊರ ಮಂದಿ, ಎಷ್ಟ ಕಡೆ ಸೇರ್ಕೋತ ಹೋಗ್ಲಿ, ನಡುವ ಒಂದ ಅಗಸಿ ಕಟ್ಟೂಣು, ಊರಬಾಗಲಿದ್ದಂಗ, ಯಾರ ಎಲ್ಲಿ ಕುಂತ ಮಾತಾಡಿದ್ರೂ ಎಲ್ಲಾರಿಗೂ ಮುಟ್ಟಬೇಕ — ಕಟ್ಟಿದೆವು, ಅವಳ ಕಂಪನಿಯಲ್ಲಿ ಇವನ ಹೆಸರಿನದೊಂದು ಖಾತೆ, ಪಾಸ್‌ವರ್ಡು ಪ್ರೋಗ್ರಾಮಿನ ಹೊಟ್ಟೆಯಲ್ಲಿ, ಇವನು ಇರಲಿ ಬಿಡಲಿ ಅದೇ ಇವನ ಹೆಸರು ಹೇಳಿ ಒಳಗೆ ಹೋಗಿ ಕೂತಿರುತ್ತದೆ, ಅದಕ್ಕೇ ಅವತ್ತು, ದೇಸೂರಿನ ಹತ್ತಿರ, ಕಬ್ಬಿನ ಟ್ರ್ಯಾಕ್ಟರು, ಹಿಂದೆ ದೀಪವಿಲ್ಲ, ಅವನ ಗಾಡಿ ಅದಕ್ಕೇ ಬಡಿಯಿತು, ಆಸ್ಪತ್ರೆಯಿಂದ ಬಂದು ಕೋಣೆಯ ಬಾಗಿಲು ತೆಗೆದರೆ ಇಲ್ಲಿ ಹಳದಿ ಮುಖ, ನಗುತ್ತಿದೆ, ಬಾಳೇಶ ಆನ್‌ಲೈನ್ ಇದ್ದಾನೆ, ಕೆಳಗೆ ತಂಗಿಯ ಸಾಲು, ಅಣ್ಣಾ ಎಲ್ಲದಿ, ಊಟಾತು? ಆರಿಸಲು ಕೈ ಹೋಗಿತ್ತು, ಆರಿಸಿಬಿಡಬೇಕಿತ್ತು, ಆದರೆ ನಂದಗಡದ ಅವರ ಹೊಲದಲ್ಲಿ ಮಣ್ಣು ಕೊಟ್ಟು — ನಮ್ಮ ಜೈನರಲ್ಲಿ ಸುಡುತ್ತೇವೆ, ಗೆಳೆಯನ ಮುಖದ ಮೇಲೆ ಹಿಡಿ ಮಣ್ಣು ಹಾಕುವುದು ನನಗೆ ಅದೇ ಮೊದಲು, ಹಾಕಲಾರದೆ ನಿಂತವನ ಕೈ ಹಿಡಿದು ಯಾರೋ ಹಾಕಿಸಿದರು — ಖಾನಾಪುರದ ಮನೆಗೆ ಬಂದು ಕಾಲು ತೊಳೆಯುತ್ತಿದ್ದಾಗಲೇ ಅವನ ತಾಯಿ ಸಾವಂತ್ರವ್ವ ತೋಳು ಹಿಡಿದಳು, ಕಣ್ಣಲ್ಲಿ ನೀರಿಲ್ಲ, ಯಪ್ಪಾ, ಸಪ್ನಾಗ ಗೊತ್ತಾಗಬಾರದು, ಎರಡ ಕೂಸ ಹೊಟ್ಟ್ಯಾಗ ಹೋದ್ವು, ಇದೊಂದ ನಿಂತೈತಿ, ಕಾಟ್ ಬಿಟ್ಟ ಇಳೀಬ್ಯಾಡ ಅಂದಾರ ಡಾಕ್ಟರ, ಬಸರಿಗೆ ಸಾವಿನ ಸುದ್ದಿ ಮುಟ್ಟಿಸಬಾರದಪಾ, ಹಡಿಯೂ ತನಕ ನೀ ಅವನಾಗಿ ಬರಿ. ಬಾಜು ನಿಂತಿದ್ದ ಅಳಿಯ ಸುಜಯ, ಸಪ್ನಾಳ ಗಂಡ, ಆಫೀಸಿನ ಟೂರ್ ಅಂತ ಹೆಂಡತಿಗೆ ಸುಳ್ಳು ಹೇಳಿ ಮಣ್ಣಿಗೆ ಬಂದವನು, ತಲೆ ತಗ್ಗಿಸಿ, ಬಾಳೇಶಗ ಗಂಟಲ ಆಪರೇಷನ್ ಆಗೈತಿ, ಮಾತಾಡೂ ಹಂಗಿಲ್ಲಂತ ನಾ ಅಕಿಗೆ ಹೇಳ್ತೀನ್ರಿ ಅಂದ.

ಬರೆದೆ, ಸತ್ತವನ ಹೆಸರಿನಲ್ಲಿ ರೊಟ್ಟಿ ಝುಣಕ ಉಂಡೆ ಅಂತ ಬರೆದೆ, ಗಂಟಲು ಇನ್ನೂ ನೋವು ಅಂತ ಬರೆದೆ, ಜವಳ ತಗಿಯೂ ಮುಂದ ಕೂಸು ನಿನ್ನ ತೊಡಿ ಮ್ಯಾಲೆ ಕುಂಡ್ರಬೇಕು, ಸೋದರಮಾವ ನೀನ ಒಬ್ಬ, ತಪ್ಪಸಬ್ಯಾಡ ಅಂದಳು ಸಪ್ನಾ, ಹೂಂ ಬರ್ತೀನಿ ಅಂದೆ, ಥೂ ನನ್ನ ಬೆರಳಿಗಿಷ್ಟು ಬೆಂಕಿ ಬೀಳ, ಇದಕ್ಕೇನೇ ಅಗಸಿ ಕಟ್ಟಿದ್ದು, ಈ ಕಡೆ ಸತ್ತವರು, ಆ ಕಡೆ ಬದುಕಿದವರು. ಇದು ತಾನಾಗಿ ಕೆಟ್ಟು ಹೋಗಲಿ ಅಂತ ಎಷ್ಟು ಸಲ ಬಯಸಿದ್ದೇನೆ, ಈಗ ಕೆಟ್ಟಿದೆ, ಮತ್ತೆ ಯಾಕೆ ಸರಿಮಾಡಲು ಕೂತಿದ್ದೇನೆ — ಫೋನು — ಎತ್ತಬೇಡ, ಅವಳೇ ಇರಬೇಕು, ಗೇಟ್‌ವೇ ಬಿಡು, ಕಂಪನಿಯವರದೇ ಮೆಸೆಂಜರಿನಿಂದ ನೇರ ಹೋಗಿ ನೋಡು, ಹೆಸರು, ಪಾಸ್‌ವರ್ಡು, ಬಂತು, ಏನಿದು, ಹೊರಗಿನ ಪ್ರೋಗ್ರಾಮಿನಿಂದ ಒಳಬಂದ ಕಾರಣ ಈ ಖಾತೆಯನ್ನು ಕಾಯಂ ಮುಚ್ಚಲಾಗಿದೆ, ಕಾಯಂ, ಎಷ್ಟು ಸಲೀಸಾಗಿ ಹೇಳುತ್ತಾರೆ, ಹೊಸ ಹೆಸರು ತೆಗೆಯಲೇ, ತೆಗೆದರೆ ಅವಳನ್ನೇ ಕೇಳುತ್ತದೆ, ಬಾಳೇಶ ಅನ್ನುವವರು ನಿಮ್ಮ ಗೆಳೆಯರಾಗಬೇಕಂತೆ, ಒಪ್ಪುತ್ತೀರಾ, ಇವರ ಗುರುತಿದೆಯಾ — ಫೋನು, ಮತ್ತೆ, ನಿಲ್ಲಲೊಲ್ಲದು, ಎತ್ತಿದೆ, ಹಲೋ ಅನ್ನುವ ಮೊದಲೇ, ಸಂಯಮಣ್ಣಾ, ನಾನು ಸಪ್ನಾ, ಅಣ್ಣನ ಮಾರಿ ಯಾಕ ಆರೇತಿ? ಅವಾ ಹೊರಗ ಹೋಗ್ಯಾನವಾ, ಲೈನ್ ಸರಿ ಇಲ್ಲ, ಇನ್ನೊಂದ ತಾಸಿಗೆ ಅನ್ನುತ್ತಿದ್ದೆ, ಸುಳ್ಳ ಹೇಳಬ್ಯಾಡ್ರಿ ಅಂದಳು, ನನಗ ಗೊತ್ತೈತಿ. ಗಿರಣಿಯ ಸದ್ದು ಎಲ್ಲಿ ಹೋಯಿತು, ಏನು ಗೊತ್ತೈತವಾ ಅಂದೆ, ಅವ್ವ ಫೋನ್ಯಾಗ ನಕ್ಕಳ್ರಿ, ಅಣ್ಣಾ ಹೆಂಗದಾನ ಅಂದ್ರ ನಕ್ಕಳು, ಅವ್ವ ಹಂಗ ನಗೂದಿಲ್ಲ, ಅವತ್ತ ತಿಳೀತು, ನಮ್ಮ ಮನಿಯವರಿಗೂ ಹೇಳಿಲ್ಲ, ಅವ್ವಗೂ ಹೇಳಬ್ಯಾಡ್ರಿ, ನನಗ ತಿಳದೈತಿ ಅಂದ್ರ ಆಕಿ ಉಳಿಯೂದಿಲ್ಲ, ಹಾಗಾದರೆ ಇಷ್ಟು ದಿನ, ಆ ರೊಟ್ಟಿ, ಆ ಜವಳ, ಎಲ್ಲ ಗೊತ್ತಿದ್ದೂ, ಹೂಂ ಗೊತ್ತಿದ್ದೂ ಅಂದಳು, ಅದು ಹಳದಿ ಇರೂ ತನಕ ಅಳೂದಿಲ್ಲಂತ ಮಾಡೇನ್ರಿ, ಅತ್ತರ ಹೊಟ್ಟಿ ಬಿಗೀತೈತಿ, ಈಗೂ ಬಿಗ್ಯಾಕತ್ತೈತಿ, ಕೂಸ ಹುಟ್ಲಿ, ಆಮ್ಯಾಲೆ ನೀವ ಆರಸ್ರಿ, ಈಗ ಹಚ್ಚರಿ ಅಣ್ಣಾ, ನೋಡಾಕತ್ತೇನಿ, ಹಚ್ಚರಿ — ಹೆಸರು, ಪಾಸ್‌ವರ್ಡು, ಪ್ರವೇಶವಿಲ್ಲ, ಹಚ್ಚೀರೇನ್ರಿ, ಹೆಸರು, ಪಾಸ್‌ವರ್ಡು, ಅವಳ ಉಸಿರು ಕಿವಿಯಲ್ಲಿ ತುಂಡು ತುಂಡಾಗಿ, ಅಣ್ಣಾ, ಪ್ರವೇಶವಿಲ್ಲ, ಅಣ್ಣಾ, ಬೂದು ಮುಖ, ಬೂದು, ಅದರ ನಗು ಮಾತ್ರ ಹಾಗೇ ಇದೆ, ಬೂದು