ಫಿಯೆಟ್ಟಿನ ಮುಂದಿನ ಗಾಲಿ

ಬೆಳಗಾವಿಯ ರವಿವಾರ ಪೇಟೆಯಲ್ಲಿದ್ದ ಗಾಡಿ ಸಾಮಾನಿನ ಅಂಗಡಿಯನ್ನು ಮುಚ್ಚಿದ ಮೇಲೂ ಗುರುಪಾದಪ್ಪನವರು ತಮ್ಮ ಹಳೆಯ ಫಿಯೆಟ್ ಕಾರನ್ನು ಮಾರಲಿಲ್ಲ. ಹಿಂದವಾಡಿಯ ಮನೆಯ ಅಂಗಳದಲ್ಲಿ ಅದರ ಕೆಲಸವನ್ನೆಲ್ಲ ತಾವೇ ಮಾಡುತ್ತಿದ್ದರು. ಅಂಗಡಿಯಲ್ಲಿ ಬಹಳ ವರ್ಷ ದುಡಿದಿದ್ದ, ಬೀಡಿ ಊರಿನ ಗುರುಸಿದ್ದ ಮಗಳ ಮದುವೆಗೆ ಕರೆಯಲು ಬಂದು, "ಸಾವ್ಕಾರ್ರ, ನಮ್ಮ ಶೀತಲ ನಿಮ್ಮ ಫಿಯೆಟ್ಟಿನಾಗ ಹೋಗಾಕಿ ಅಂತ ಹಟ ಹಿಡದಾಳ್ರಿ" ಎಂದಾಗ ಅವರು ಹಿಗ್ಗಿಹೋದರು.

ಮದುಮಗಳನ್ನು ಕೂರಿಸುವ ಗಾಡಿ ಎಂದು ಮುಂದಿನ ಎರಡೂ ಟೈರು ಬದಲಿಸಿದರು. ಸವೆದಿದ್ದ ಸ್ಟೇರಿಂಗ್ ರಾಡುಗಳನ್ನೂ ತೆಗೆದು ಹೊಸವನ್ನು ಹಾಕಿದರು. ಇನ್ನು ಗಾಲಿಗಳನ್ನು ನೇರಕ್ಕೆ ಕೂಡಿಸಬೇಕು. ಅವರದು ಹಳೆಯ ಪದ್ಧತಿ: ಟೈರುಗಳ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಎರಡು ಗೆರೆಗಳ ನಡುವಿನ ಅಂತರವನ್ನು ಮುಂಬದಿಯಲ್ಲೊಮ್ಮೆ, ಹಿಂಬದಿಯಲ್ಲೊಮ್ಮೆ ಟೇಪಿನಿಂದ ಅಳೆಯುವುದು. ಮುಂಬದಿಯ ಅಂತರ ತುಸುವೇ ಕಡಿಮೆ ಬರಬೇಕು. ಗಾಲಿಗಳು ಹೀಗೆ ಕೊಂಚ ಒಳಮುಖವಾಗಿದ್ದರೆ ಗಾಡಿ ಅತ್ತಿತ್ತ ಎಳೆಯದೆ ಓಡುತ್ತದೆ.

ಟೇಪಿನ ಒಂದು ತುದಿ ಹಿಡಿದವಳು ಮಗಳು ಸಾಕ್ಷಿ. ಅವಳು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದಳು. ಗಾಡಿಯ ಕೆಲಸವನ್ನು ಅಪ್ಪನಿಂದಲೇ ಕಲಿತಿದ್ದಳು. ಅಪ್ಪ ಟೇಪನ್ನು ಮೂಗಿನ ಹತ್ತಿರ ತಂದು, ಮತ್ತೆ ದೂರ ಹಿಡಿದು, "ಬರೋಬರಿ ಐತಿ" ಎಂದು ರಾಡಿನ ನಟ್ಟು ಬಿಗಿದರು.

ಸಂಜೆ ಪೆಟ್ರೋಲು ಹಾಕಿಸಲು ಹೊರಟವಳ ಕೈಯಲ್ಲಿ ಸ್ಟೇರಿಂಗ್ ನಿಲ್ಲಲಿಲ್ಲ. ಗಾಡಿ ಕುಡಿದವನ ಹಾಗೆ ಒಮ್ಮೆ ಅತ್ತ, ಒಮ್ಮೆ ಇತ್ತ ಹೊಯ್ದಾಡಿತು. ಅಪ್ಪನಿಗೆ ಟೇಪಿನ ಅಂಕಿ ಕಂಡಿಲ್ಲವೆಂದು ಅವಳಿಗೆ ಆಗಲೇ ಗೊತ್ತಾಯಿತು. ಮನೆಗೆ ಹೋಗಿ, 'ಅಪ್ಪಾ, ಇನ್ನೊಮ್ಮೆ ಅಳೆಯೂಣು' ಎನ್ನಬಹುದಿತ್ತು. ಅದರ ಬದಲು ಗಾಡಿಯನ್ನು ಸೀದಾ, ಮಷಿನ್ನಿನಿಂದ ಗಾಲಿ ನೇರ ಮಾಡುವ ಕಲ್ಮೇಶನ ಅಲೈನ್‌ಮೆಂಟ್ ಅಂಗಡಿಗೆ ಒಯ್ದಳು.

ಕಲ್ಮೇಶ ಗಾಡಿಯನ್ನು ಮಷಿನ್ನಿಗೆ ಏರಿಸಿ, "ಯಾರ್ ಮಾಡ್ಯಾರ್ರಿ ಅಕ್ಕಾರ ಇದನ್ನ?" ಎಂದು ಕೇಳಿದ. ಸಾಕ್ಷಿ ನಕ್ಕಳು. ಅಪ್ಪ ಟೇಪನ್ನು ಮೂಗಿಗೆ ಹಚ್ಚಿ ನೋಡಿದ್ದನ್ನು ಮಾಡಿ ತೋರಿಸಿದಳು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅವರು ನಕ್ಕಿದ್ದಕ್ಕೆ ಅವಳು ಇನ್ನೊಮ್ಮೆ ಮಾಡಿ ತೋರಿಸಿದಳು. ಗಾಲಿ ಸರಿ ಮಾಡಿಸಿಕೊಂಡು ಮನೆಗೆ ಬಂದು ಅಪ್ಪನಿಗೆ ಏನೂ ಹೇಳಲಿಲ್ಲ.

ಮದುವೆಯ ದಿನ ಶೀತಲ ಮತ್ತು ಅವಳ ತಾಯಿ ಸಿದ್ದಕ್ಕ ಹಿಂದಿನ ಸೀಟಿನಲ್ಲಿ ಕುಳಿತರು. ಸಾಕ್ಷಿ ಗಾಡಿ ನಡೆಸಿದಳು. ಬೀಡಿಯಿಂದ ಖಾನಾಪುರದ ಮಂಗಲ ಕಾರ್ಯಾಲಯದವರೆಗೂ ಫಿಯೆಟ್ ಗೆರೆ ಕೊರೆದಂತೆ ಓಡಿತು. "ನೋಡವಾ ಸಿದ್ದಕ್ಕ, ಈ ಕೈ ಇನ್ನೂ ಮುದುಕಾಗಿಲ್ಲ" ಎಂದು ಮುಂದಿನ ಸೀಟಿನಲ್ಲಿದ್ದ ಗುರುಪಾದಪ್ಪನವರು ಅಂಗೈ ಎತ್ತಿ ತೋರಿಸಿದರು. ಸಾಕ್ಷಿ ರಸ್ತೆಯನ್ನೇ ನೋಡುತ್ತಿದ್ದಳು.

ಊಟದ ಪಂಕ್ತಿಯಲ್ಲೂ ಅವರು ಅದನ್ನೇ ಹೇಳುತ್ತಿದ್ದಾಗ, ಗಂಡಿನ ಕಡೆಯವರ ಗುಂಪಿನಿಂದ ಕಲ್ಮೇಶ ಎದ್ದು ಬಂದ. ಅವನು ವರನ ಗೆಳೆಯನೆಂದು ಸಾಕ್ಷಿಗೆ ತಿಳಿದಿರಲಿಲ್ಲ.

"ಕಾಕಾ, ಗಾಡಿ ಚೊಲೋ ಓಡಾಕತ್ತೈತಲ್ರಿ? ಮೊನ್ನೆ ಅಕ್ಕಾರು ತಂದಾಗ ಎರಡೂ ಗಾಲಿ ಜಗಳಾಡಿದ ಗಂಡ-ಹೆಂಡ್ತಿಯಂಗ ಒಂದೊಂದು ಕಡೆ ಮಾರಿ ಮಾಡಿದ್ವು!" ಅವನ ಮಾತಿನಲ್ಲಿ ಕೆಡುಕಿರಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕ. "ನೀವು ಟೇಪ್ ನೋಡೂದನ್ನ ಅಕ್ಕಾರು ಮಾಡಿ ತೋರಿಸಿದ್ರ ನೋಡ್ರಿ, ನಮ್ಮ ಹುಡುಗರು ಇನ್ನೂ ನಗತಾವು."

ಬಡಿಸುತ್ತಿದ್ದ ಗುರುಸಿದ್ದನ ಕೈ ನಿಂತಿತು. ಗುರುಪಾದಪ್ಪನವರು ಮಗಳ ಕಡೆ ನೋಡಲಿಲ್ಲ. "ಚೊಲೋ ಮಾಡೀಪಾ. ಕೆಲಸ ನೀಟ ಆಗೈತಿ" ಎಂದು ಕಲ್ಮೇಶನಿಗೆ ಹೇಳಿ ಅನ್ನಕ್ಕೆ ಸಾರು ಕಲಸತೊಡಗಿದರು. ಸಾಕ್ಷಿಯ ಮುಖ ಕಿವಿಯವರೆಗೂ ಸುಟ್ಟಿತು.

ಬೆಳಗಾವಿಗೆ ಮರಳುವ ಹಾದಿಯಲ್ಲಿ ಅವಳು ಒಂದು ಮರದಡಿ ಗಾಡಿ ನಿಲ್ಲಿಸಿದಳು.

"ತಪ್ಪಾತು ಅಪ್ಪಾ. ನಿಮಗ ಹೇಳಿದ್ರ ನೊಂದ್ಕೋತೀರಿ ಅಂತ..."

"ಅರ್ಧಾನ ಹೇಳಬ್ಯಾಡ" ಎಂದರು ಅವರು, ದನಿ ಏರಿಸದೆ. "ನಾ ನೊಂದ್ಕೋತೀನಿ ಅಂತ ನೀ ಹೇಳಲಿಲ್ಲ, ಖರೇ ಇರಬಹುದು. ಮತ್ತ ನಕ್ಕಿದ್ದ ಯಾಕ?"

ನಾಲ್ಕು ಜನ ನಗುತ್ತಾರೆಂಬ ಖುಷಿಗೆ ನಕ್ಕಿದ್ದೆ ಎಂದು ಅವಳು ಯಾವ ಬಾಯಿಂದ ಹೇಳುವುದು?

ಅವರೇ ಅಂದರು, "ಅಂಕಿ ಕಾಣಲಿಲ್ಲ ನನಗ. ಕಾಣವಲ್ದು ಅನ್ನಾಕ ನಾಚಿಕಿ ಆತು. ಅಂದಾಜಿನ ಮ್ಯಾಲೆ ನಟ್ಟು ಬಿಗಿದೆ. ಆ ಗಾಡಿಯೊಳಗ ಮಂದಿ ಮಗಳನ್ನ ಕುಂದರಸಾಂವಿದ್ದೆ. ನೀ ಮಷಿನ್ನಿಗೆ ಹಾಕಿದ್ದು ಚೊಲೋನ ಆತು. ಆದ್ರ ಅದನ್ನ ನೆನಸಿದಾಗೊಮ್ಮೆ, ನೀ ನಕ್ಕಿದ್ದೂ ನೆನಪಾಗತೈತಿ. ಏನ್ ಮಾಡ್ಲಿ?"

ಸಾಕ್ಷಿ ಸೆರಗಿನಿಂದ ಮುಖ ಒರೆಸಿಕೊಂಡು ಗಾಡಿ ಚಾಲೂ ಮಾಡಿದಳು.

ಆ ವಾರವೇ ಅವರನ್ನು ಕಣ್ಣಿನ ಡಾಕ್ಟರರ ಬಳಿ ಕರೆದೊಯ್ದಳು. ಗೋಡೆಯ ಮೇಲಿನ ಅಕ್ಷರಗಳನ್ನು ಓದುತ್ತ ಗುರುಪಾದಪ್ಪನವರು ಕೆಳಗಿನ ಸಾಲಿನಲ್ಲಿ ತಡವರಿಸಿದರು. ಅಪ್ಪನಿಗೆ ತನ್ನೆದುರು ಸಂಕೋಚವಾದೀತೆಂದು ಸಾಕ್ಷಿ ತಲೆ ತಗ್ಗಿಸಿ ಬಾಗಿಲ ಕಡೆ ನಡೆದಳು.

"ಎಲ್ಲಿ ಹೊಂಟಿ? ಇಲ್ಲೇ ಕುಂದರು" ಎಂದರು ಅವರು. ಆಮೇಲೆ ಡಾಕ್ಟರರ ಕಡೆ ತಿರುಗಿ, "ಕಾಣೂದಿಲ್ರಿ ಸಾಹೇಬ್ರ" ಎಂದರು.