ಬಲೆಯ ಕೋಣೆಗೆ ನೀಲಿ ಬಣ್ಣ

೧

ಈ ಕತೆಯನ್ನು ಗೋಡೆಯಿಂದ ಶುರುಮಾಡಬೇಕೋ ಬಾಗಿಲಿನಿಂದ ಶುರುಮಾಡಬೇಕೋ ಎಂದು ಬೆಳಗಿನಿಂದ ತಲೆ ಕೆರೆದುಕೊಳ್ಳುತ್ತ ಕೂತಿದ್ದೇನೆ. ಗೋಡೆಯಿಂದ ಎಂದರೆ ಸಂಪಾದಕರಿಗೆ ಖುಷಿ. ವಾರಪತ್ರಿಕೆಯ ಮನೆ-ಮಕ್ಕಳ ಪುಟಕ್ಕೆ ಅವರಿಗೆ ಬೇಕಾದದ್ದು ಇಷ್ಟೇ: ಕಡಿಮೆ ಖರ್ಚಿನಲ್ಲಿ ಮನೆಯನ್ನೂ ಮಗುವಿನ ಕೋಣೆಯನ್ನೂ ಚೆಂದ ಮಾಡುವುದು ಹೇಗೆ, ಕತೆಯ ರೂಪದಲ್ಲಿ, ಓದುಗರಿಗೆ ಹಿತವಾಗುವಂತೆ. "ನೀವು ಕರಾವಳಿಯವರು, ಗೋಡೆಗೆ ಒಂದು ಹಳೇ ಬಲೆ ತೂಗುಹಾಕಿಸಿ, ನಾಲ್ಕು ಚಿಪ್ಪು ಸಿಕ್ಕಿಸಿ, ಸ್ವಲ್ಪ ಲೋಕಲ್ ಟಚ್ ಇರಲಿ," ಎಂದು ಟ್ರಂಕ್ ಕಾಲ್ ಮಾಡಿ ಹೇಳಿದರು. ಕುಮಟೆಯ ಅಂಚೆ ಕಚೇರಿಯಲ್ಲಿ ಜನರ ಎದುರು ನಿಂತು ಆಗಲಿ ಸಾರ್, ಆಗಲಿ ಸಾರ್ ಎಂದು ನಾನೂ ಕೂಗಿದೆ.

ಹಾಗೆಯೇ ಬರೆದೆ ಕೂಡ:

"ಹೊನ್ನಾವರದ ಹೊಳೆಯಾಚೆ, ಕಾಸರಕೋಡದ ದಂಡೆಯಲ್ಲಿ ಒಂದು ಪುಟ್ಟ ಮನೆ. ಆ ಮನೆಯಲ್ಲಿ ಮಂಜಿ ಎಂಬ ತುಂಬು ಬಸುರಿ. ಬರಲಿರುವ ಕಂದನಿಗಾಗಿ ಅವಳು ಒಂದು ಕೋಣೆಯನ್ನು ಸಿಂಗರಿಸುತ್ತಿದ್ದಾಳೆ. ಗೋಡೆಗೆ ನೀಲಿ ಬಣ್ಣ, ಕಿಟಕಿಗೆ ಹಳೆಯ ಸೀರೆಯ ಪರದೆ, ಮೀನಿನ ಪೆಟ್ಟಿಗೆಯ ಹಲಗೆಯಿಂದ ಒಂದು ಕಪಾಟು, ಗೋಡೆಯ ಮೇಲೆ ಮಾವನ ಹಳೆಯ ಬಲೆ..."

"ಮಾಸ್ತರ್ರೆ, ಅಲ್ಲೇ ನಿಲ್ಸಿ," ಎಂದಳು ಮಂಜಿ.

(ನಾನು ಮಾಸ್ತರನಲ್ಲ. ಪೆನ್ನು ಹಿಡಿದವರೆಲ್ಲ ಅವಳಿಗೆ ಮಾಸ್ತರರೇ.)

"ಬಲೆ ಗೋಡೆ ಮೇಲೆ ಇಲ್ಲ. ಕೋಣೆ ತುಂಬ ಅದೆ. ಒಳಗೆ ಕಾಲಿಡೂಕೆ ಜಾಗ ಇಲ್ಲ. ನಿಮ್ಮ ಕಪಾಟು ಇಡೂದು ಎಲ್ಲಿ, ನನ್ನ ತಲೆ ಮೇಲಾ?"

೨

ಸರಿ, ಬಾಗಿಲಿನಿಂದಲೇ ಶುರುಮಾಡೋಣ. ಈ ಬಾಗಿಲು ಪೂರ್ತಿ ತೆರೆಯುವುದಿಲ್ಲ, ಹಿಂದಿನಿಂದ ಬಲೆ ಒತ್ತಿಕೊಂಡಿದೆ. ಬಸುರಿಯಾಗುವ ಮೊದಲು ಮಂಜಿ ಅಡ್ಡ ತಿರುಗಿ ಒಳಗೆ ನುಸುಳುತ್ತಿದ್ದಳು. ಈಗ ಹೊಸ್ತಿಲ ಮೇಲೆ ನಿಂತು ಇಣುಕಬಹುದು, ಅಷ್ಟೇ.

ಒಳಗಿರುವುದು ರಂಪಣಿ. ನೋಡದವರಿಗೆ ಹೇಳುತ್ತೇನೆ. ದೋಣಿಯಲ್ಲಿ ಹೋಗಿ ಮೀನಿನ ಹಿಂಡನ್ನು ಸುತ್ತುವರಿದು, ಆಮೇಲೆ ದಂಡೆಯ ಮೇಲೆ ಎರಡೂ ತುದಿಗೆ ಊರಿಗೆ ಊರೇ ನಿಂತು ಎಳೆಯುವ ದೊಡ್ಡ ಬಲೆ ಅದು. ಒಬ್ಬರ ಸೊತ್ತಲ್ಲ. ಪಾಲಿನ ಮನೆಗಳಲ್ಲೆಲ್ಲ ಒಂದೊಂದು ತುಂಡು ಇರುತ್ತದೆ. ಹಂಗಾಮು ಬಂದಾಗ ಎಲ್ಲರೂ ತಮ್ಮ ತಮ್ಮ ತುಂಡು ಹೊತ್ತು ತಂದು ಜೋಡಿಸಿ ಹೊಲಿದರೆ ಬಲೆ. ಒಂದು ಮನೆಯ ತುಂಡು ಬರದಿದ್ದರೆ ಅಲ್ಲಿ ತೂತು.

ಮಂಜಿಯ ಮಾವ ಈರ ಆ ತೂತಿಗೆ ಹೆದರಿಯೇ ಬದುಕಿದವನು. ಬಂಗಡೆ ಭರ್ಜರಿ ಸಿಕ್ಕಿದ ಒಂದು ವರ್ಷ ಅವನು ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು ಮಾಡಿಸಿ ಈ ಒಂದು ಕೋಣೆ ಕಟ್ಟಿಸಿದ. ಉಳಿದ ಮನೆಗೆ ಇಂದಿಗೂ ತೆಂಗಿನ ಮಡಲೇ ಹೊದಿಕೆ. ಬಲೆಯ ದುಡ್ಡಿನ ಕೋಣೆಯಲ್ಲಿ ಬಲೆಯೇ ಇರಬೇಕು ಎನ್ನುವುದು ಅವನ ನ್ಯಾಯ.

ಆಮೇಲೆ ಎಂಜಿನ್ನಿನ ಬೋಟುಗಳು ಬಂದವು, ಹಿಂಡನ್ನೇ ಚೀಲದಂತೆ ಬಿಗಿದೆತ್ತುವ ಪರ್ಸೀನ್ ಬಲೆ ಬಂತು, ದಂಡೆಗೆ ಬರುವ ಮೊದಲೇ ಮೀನನ್ನು ಕಡಲಲ್ಲೇ ಬಳಿದುಕೊಂಡು ಹೋದವು. ಈಗ ಇಸವಿ ಎಂಬತ್ತಮೂರು. ರಂಪಣಿ ನೀರು ಮುಟ್ಟದೆ ವರ್ಷಗಳಾಗಿವೆ. ಈರನ ಮಗ, ಅಂದರೆ ಮಂಜಿಯ ಗಂಡ ಗಣಪ, ಅಂಥದೇ ಒಂದು ಬೋಟಿನಲ್ಲಿ ದುಡಿಯುತ್ತಾನೆ. ಆ ದುಡಿಮೆಯ ಅನ್ನವನ್ನು ಈರ ಉಣ್ಣುತ್ತಾನೆ, ಬೋಟಿನ ಹೆಸರು ಎತ್ತಿದರೆ ಮಾತ್ರ ಎದ್ದು ಹೋಗುತ್ತಾನೆ.

೩

(ಮೂರನೆಯ ಭಾಗವನ್ನು ಹರಿದು ಹಾಕಿದ್ದೇನೆ. ಅದರಲ್ಲಿ ಈರನ ಮನಸ್ಸು ಕರಗಿ, ಅದೇ ಬಲೆಯಿಂದ ಮೊಮ್ಮಗುವಿಗೆ ತೊಟ್ಟಿಲು ಹೆಣೆಯುತ್ತಿದ್ದ. ಬರೆದು ಮುಗಿಸಿದಾಗ ನನ್ನ ಕಣ್ಣೇ ಒದ್ದೆಯಾಗಿತ್ತು. ಏನು ಬರೆದೆ ಮಾರಾಯ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡು ಮಂಜಿಗೆ ಓದಿ ಹೇಳಿದೆ.)

"ಆ ಬಲೆ ನೀವು ಮೂಸಿ ನೋಡೀರಾ?" ಎಂದು ಕೇಳಿದಳು. "ಅದ್ರೊಳಗೆ ಇಲಿ ಮರಿ ಹಾಕ್ತದೆ. ಬೇಕಾರೆ ನಿಮ್ಮ ಮಗು ಮಲಗ್ಸಿ. ನಂದು ಬೇಡ."

"ಅದೊಂದು ಸಂಕೇತ, ಮಂಜಿ."

"ಎಂತದೇ ಆಗ್ಲಿ. ಇಲಿ ಕಚ್ಚೂದು ಕಚ್ಚೂದೇ."

ನಾನು ಆ ಹಾಳೆ ಹರಿದೆ. ಅವಳು ಅಷ್ಟಕ್ಕೇ ಬಿಡಲಿಲ್ಲ.

"ಮೊದಲ್ನೇದರ ವಿಷ್ಯ ಎಂತಕ್ಕೆ ಬರೀಲಿಲ್ಲ?"

ಮನೆ-ಮಕ್ಕಳ ಪುಟ, ಓದುಗರಿಗೆ ಹಿತವಾಗಬೇಕು, ಹೀಗೆ ಏನೋ ತೊದಲಿದೆ. ಅವಳಿಗೆ ಸಿಟ್ಟು ನೆತ್ತಿಗೇರಿತು.

"ಗೋಡೆಗೆ ಬಣ್ಣ ಎಂತಕ್ಕೆ ಹೇಳಿ ಗೊತ್ತಿಲ್ದೆ ಬಣ್ಣದ ವಿಷ್ಯ ಬರೀತ್ರಾ? ನಾ ಹೇಳ್ತೆ, ಬರ್ಕಳಿ."

೪

ಮೊದಲ ಹೆರಿಗೆ ತವರಿನಲ್ಲಿ, ಹೊಳನಗದ್ದೆಯಲ್ಲಿ ಆಯಿತು. ಹೆಣ್ಣು ಮಗು. ಬಾಣಂತನ ಮುಗಿಸಿ ಮಗುವನ್ನು ಎತ್ತಿಕೊಂಡು ಗಂಡನ ಮನೆಗೆ ಬರುವಾಗ ಮಳೆಗಾಲ ಹಿಡಿದಿತ್ತು. ಜಗಲಿಗೆ ಇರಿಚಲು ಹೊಡೆಯುತ್ತಿತ್ತು, ಅಡುಗೆಮನೆಯ ಮಡಲು ಸೋರುತ್ತಿತ್ತು. ಒಲೆಯ ಪಕ್ಕ ಒಂದು ಮೂಲೆ ಮಾತ್ರ ಒಣಗಿತ್ತು. ಮಂಜಿ ಅಲ್ಲೇ ಸೀರೆ ಕಟ್ಟಿ ಮಗುವನ್ನು ತೂಗಿದಳು. ಹಸಿ ಸೌದೆಯ ಹೊಗೆಗೆ ಮಗು ಕೆಮ್ಮತೊಡಗಿತು.

ಬಲೆ ಸ್ವಲ್ಪ ಸರಿಸಿದರೆ ಒಳಗೆ ಒಂದು ಚಾಪೆ ಹಾಸಬಹುದು ಎಂದು ಗಣಪನ ಬಾಯಲ್ಲಿ ಹೇಳಿಸಲು ನೋಡಿದಳು. ಗಣಪ ಅಪ್ಪನ ಮುಖ ನೋಡಿ ಏನೂ ಹೇಳದೆ ವಾಪಸು ಬಂದ. ಕೊನೆಗೆ ಅವಳೇ ಕೇಳಿದಳು. ಗೋಡೆಯ ಥಂಡಿಗೆ ತಾಗಿಸಿ ಒತ್ತಿದರೆ ಬಲೆ ಮುಗ್ಗುತ್ತದೆ ಎಂದ ಈರ. ಹೊಳೆ ದಾಟಿ ಹೊನ್ನಾವರದ ಡಾಕ್ಟರ ಹತ್ತಿರ ಹೋಗುವಷ್ಟರಲ್ಲಿ ಮಗುವಿನ ಎದೆ ಸುಂಯ್‌ಗುಡುತ್ತಿತ್ತು. ಚೌತಿ ಹಬ್ಬ ಬರುವ ಮೊದಲೇ ಮಗು ಹೋಯಿತು.

ಆ ಮಳೆಗಾಲದಲ್ಲಿ ಬಲೆಗೆ ಒಂದು ಹನಿ ನೀರು ತಾಗಲಿಲ್ಲ.

"ಹಾಂ, ಈಗ ಆತು," ಎಂದಳು ಮಂಜಿ. "ಇನ್ನು ಬೇಕಾರೆ ಬಣ್ಣದ ವಿಷ್ಯ ಬರೀರಿ."

(ಸಂಪಾದಕರೇ, ಇದನ್ನು ನೀವು ಹಾಕುವುದಿಲ್ಲ ಎಂದು ಗೊತ್ತು. ಆ ಪುಟದಲ್ಲಿ ಹಲಸಿನ ಹಪ್ಪಳ ಹಾಕಿಕೊಳ್ಳಿ. ನಾನಂತೂ ಇನ್ನು ನಿಲ್ಲಿಸುವುದಿಲ್ಲ.)

೫

ಎರಡನೆಯದು ಈ ಮನೆಯಲ್ಲೇ ಹುಟ್ಟಬೇಕು. ದಿನ ತುಂಬುತ್ತ ಬಂದಿದೆ. ಮಳೆಗಾಲ ಮುಗಿಯುತ್ತ ಬಂದು, ಬೋಟುಗಳು ಮತ್ತೆ ನೀರಿಗಿಳಿಯುವ ಮೊದಲು ಬಣ್ಣ ಬಳಿಸಿಕೊಂಡವು. ತಳದಲ್ಲಿ ಉಳಿದದ್ದನ್ನು ಗಣಪ ಬೇಡಿ ತಂದ. ಬೋಟಿನ ನೀಲಿ, ಅರ್ಧ ಡಬ್ಬಿ. ತಂದು ಮಂಜಿಯ ಕೈಗೆ ಕೊಟ್ಟ, ಅಪ್ಪನಿಗೆ ನೀನೇ ಹೇಳು ಎಂದ, ಕಡಲಿಗೆ ಹೋದ. ಗಂಡಸು ಎಂದರೆ ಇಷ್ಟೇ ಎಂದು ಬರೆಯಬೇಕೆಂದಿದ್ದೆ, ಅದೂ ಅವಳಿಗೆ ಇಷ್ಟವಾಗಲಿಲ್ಲ. "ಡಬ್ಬಿಯಾದ್ರೂ ತಂದ್ರು. ನೀವು ಎಂತ ತಂದ್ರಿ?"

ಮಂಜಿ ಮಾವನ ಎದುರು ಹೋಗಿ ನಿಂತಳು.

"ಮಾವ, ಈ ಸಲ ಆ ಕೋಣೆ ನಂಗೆ ಬೇಕು."

"ಹುಟ್ಟೂಕೆ ಮೊದ್ಲೇ ಹಂಗೆಲ್ಲ ತಯಾರಿ ಮಾಡೂದು ಒಳ್ಳೇದಲ್ಲ, ಮಂಜಿ," ಎಂದ ಈರ.

"ಹೋದ ಸಲ ಎಂತ ತಯಾರಿಯೂ ಮಾಡ್ಲಿಲ್ಲ. ಒಳ್ಳೇದಾತಾ?"

ಈರ ಅಂಗಳದ ಕಡೆ ನೋಡಿದ. "ನಾಳೆ ರಂಪಣಿ ಬಿಡೂ ದಿನ ಬಂದ್ರೆ ನಮ್ಮ ತುಂಡು ಎಲ್ಲಿ ಹೇಳಿ ಕೇಳೂದಿಲ್ವಾ? ಉಳ್ದವ್ರೆಲ್ಲ ಇಟ್ಕಂಡಾರೆ. ನಾವೊಬ್ರೇ ಮರ್ಯಾದೆ ಕಳ್ಕಳೂದಾ?" ಎಂದ.

ಎಲ್ಲ ಇಟ್ಟುಕೊಂಡಿದ್ದಾರಾ, ನೋಡಿಯೇ ಬಿಡುತ್ತೇನೆ ಎಂದು ಮಂಜಿ ಸೊಂಟಕ್ಕೆ ಕೈಕೊಟ್ಟು ಪಕ್ಕದ ಮನೆಗೆ ಹೊರಟಳು. ಅಲ್ಲಿ ನಾಗು ಹರಿವೆ ಸೊಪ್ಪಿಗೆ ನೀರು ಬಿಡುತ್ತಿದ್ದಳು. ಹರಿವೆಯ ಸುತ್ತ ಗೂಟ ನೆಟ್ಟು ಬಲೆ ಬಿಗಿದಿತ್ತು.

"ಕೋಳಿ ಕಾಟ ಮಾರಾಯ್ತಿ," ಎಂದಳು ನಾಗು.

"ಇದು ರಂಪಣಿ ಅಲ್ದಾ?"

"ಯಾವಾಗಿನ್ದೋ. ನಿಮ್ಮ ಮಾವ ಕೇಳಿದ್ರೆ ಅಟ್ಟದ ಮೇಲದೆ ಹೇಳ್ತ್ರು ನಮ್ಮನೆಯವ್ರು. ನೀ ಬಾಯಿ ಬಿಡ್ಬೇಡ ಹಾಂ. ಪಾಪ, ಮುದುಕ್ರು ಬೇಜಾರು ಮಾಡ್ಕಂತ್ರು."

ಆಚೆ ಮನೆಯವರ ತುಂಡು ಸೌದೆ ಹೊರೆ ಕಟ್ಟಲು ಹೋಗಿತ್ತು. ಅದರಾಚೆಯವರದನ್ನು ಯಾರೋ ತೋಟದವರು ಒಯ್ದಿದ್ದರು. ಹೋದಲ್ಲೆಲ್ಲ ಅದೇ ಮಾತು, ಮುದುಕನಿಗೆ ಹೇಳಬೇಡ. ಮಂಜಿಗೆ ಮೈಯೆಲ್ಲ ಉರಿಯಿತು. ಊರಿಗೆ ಊರೇ ಸೇರಿ ಒಬ್ಬ ಮುದುಕನ ಮನಸ್ಸನ್ನು ಎಷ್ಟು ಜೋಪಾನವಾಗಿ ಕಾಯ್ದುಕೊಂಡು ಬಂದಿತ್ತು. ಇಲ್ಲದ ಬಲೆಯ ಒಂದು ತುಂಡಿಗಾಗಿ ಅವಳ ಮಗು ಹೊಗೆಯಲ್ಲಿ ಮಲಗಿತ್ತು. ಆ ಕೆಮ್ಮು ಈ ಮನೆಗಳಿಗೆಲ್ಲ ಕೇಳಿಸುತ್ತಿತ್ತು, ಮಧ್ಯೆ ಇರುವುದು ಬರೀ ಮಡಲಿನ ತಡಿಕೆ. ಆಗ ಯಾರಿಗೂ ಬಾಯಿ ಬರಲಿಲ್ಲ.

ಮನೆಗೆ ಬಂದವಳೇ ಮಾವನಿಗೆ ಎಲ್ಲ ಹೇಳಿದಳು. ಯಾರ ಬಲೆ ಎಲ್ಲಿ ಹೋಗಿದೆ ಎಂದು ಒಂದೊಂದೇ ಮನೆಯ ಹೆಸರು ಹಿಡಿದು ಹೇಳಿದಳು.

"ಗೊತ್ತದೆ," ಎಂದ ಈರ.

(ಇಲ್ಲಿ ಅವನ ಕಣ್ಣಲ್ಲಿ ನೀರು ತರಿಸಿದ್ದೆ. ಮಂಜಿ ಆ ಸಾಲನ್ನು ಹೊಡೆದು ಹಾಕಿಸಿದಳು.)

"ಯಾವಾಗಿಂದ ಗೊತ್ತದೆ?"

"ಎಲ್ರದ್ದೂ ಹೋತು," ಎಂದ. "ನಂದೊಂದಾದ್ರೂ ಇರ್ಲಿ ಹೇಳಿ."

ಅವಳು ಯಾವಾಗಿಂದ ಎಂದು ಮತ್ತೆ ಕೇಳಲಿಲ್ಲ. ಮೊದಲ ಮಗು ಇರುವಾಗಲೇ ಗೊತ್ತಿತ್ತೇ ಎಂದು ಕೇಳಬೇಕಾಗುತ್ತಿತ್ತು, ಹೌದು ಎಂದುಬಿಟ್ಟರೆ ಅದೇ ಮನೆಯಲ್ಲಿ ಅವನಿಗೆ ಅನ್ನ ಬಡಿಸುವುದು ಅವಳಿಂದ ಆಗುತ್ತಿರಲಿಲ್ಲ.

೬

ಮಾರನೆಯ ದಿನ ಮಂಜಿ ನೀಲಿಗೆ ಚಿಮಣಿ ಎಣ್ಣೆ ಬೆರೆಸಿ ತೆಳ್ಳಗೆ ಮಾಡಿದಳು. ಬೋಟಿನವರು ಬ್ರಶ್ಶು ಕೊಟ್ಟಿರಲಿಲ್ಲ. ಸುಣ್ಣ ಬಳಿಯಲು ಮಾಡುವಂತೆ ಕೇದಿಗೆಯ ಬೇರು ಜಜ್ಜಿ ಕುಂಚ ಮಾಡಿಕೊಂಡಳು. (ಕಡಿಮೆ ಖರ್ಚಿನ ಉಪಾಯ ಕೇಳಿದ್ದಿರಲ್ಲ ಸಂಪಾದಕರೇ, ಇದೊಂದನ್ನು ಬರೆದುಕೊಳ್ಳಿ.) ಬಾಗಿಲ ಸಂದಿಯಲ್ಲಿ ಕೈ ತೂರಿಸಿ, ಕೈಗೆ ಎಟುಕಿದ ಗೋಡೆಗೆ ಬಳಿಯತೊಡಗಿದಳು. ಬಲೆಯ ಮೇಲೆ ಒಂದು ತೊಟ್ಟು ನೀಲಿ ಬಿತ್ತು.

ಈರ ಎದ್ದು ಓಡಿ ಬಂದ. "ಬೋಟಿನ ಬಣ್ಣ ನನ್ನ ಬಲೆ ಮೇಲೆ ಬೀಳೂಕಾಗ."

"ಹಂಗಾರೆ ಸರಿಸ್ಕಳಿ."

ಅವನು ಒಂದು ಮಡಿಕೆಯನ್ನು ಎಳೆದು ಈಚೆ ಮಾಡಿದ. ಅಷ್ಟು ಗೋಡೆ ಕಂಡಿತು. ಮಂಜಿ ಅದಕ್ಕೂ ಬಳಿದಳು. ಅವನು ಗೊಣಗುತ್ತ ಇನ್ನೊಂದು ಮಡಿಕೆ ಎಳೆದ, ಅವಳು ಅಲ್ಲಿಗೂ ಕುಂಚ ಒಯ್ದಳು. ಬಾಗಿಲು ಸಡಿಲಾಯಿತು, ಅವಳು ಒಳಗೆ ಬಂದಳು. ಒಬ್ಬರ ಮುಖ ಒಬ್ಬರು ನೋಡದೆ ಗೋಡೆಯ ಗುಂಟ ಹೀಗೇ ಸುತ್ತಿದರು. ಇಳಿಹೊತ್ತಿಗೆ ನಾಲ್ಕೂ ಗೋಡೆ ನೀಲಿಯಾಗಿತ್ತು. ಬಲೆಯೆಲ್ಲ ಕೋಣೆಯ ನಡುವೆ ಆಳೆತ್ತರ ರಾಶಿಯಾಗಿ ಬಿದ್ದಿತ್ತು.

೭, ಮುಕ್ತಾಯಗಳು

ಅ. ಇಲ್ಲಿಗೇ ನಿಲ್ಲಿಸೋಣ ಎಂದೆ. ಗೋಡೆ ಅವಳದಾಯಿತು, ನಡುವಿನ ಜಾಗ ಅವನದಾಯಿತು, ಇಬ್ಬರಿಗೂ ನ್ಯಾಯ ಸಿಕ್ಕಿತು. ಮಂಜಿ ಮೇಲಕ್ಕೆ ಕೈ ತೋರಿಸಿದಳು. ತೊಲೆಗೆ ತೊಟ್ಟಿಲಿನ ಕಬ್ಬಿಣದ ಕೊಂಡಿ ಒಂದೇ ಇತ್ತು. ಅದು ಸರಿಯಾಗಿ ಬಲೆಯ ರಾಶಿಯ ಮೇಲೇ ಇತ್ತು.

ಆ. ಈರ ನಿದ್ದೆಯಲ್ಲೇ ನೆಮ್ಮದಿಯಿಂದ ತೀರಿಕೊಂಡ. "ನಿಮ್ಗೆ ಕತೆ ಮುಗೀಲಿಲ್ಲ ಹೇಳಿ ಮುದುಕ್ರನ್ನ ಎಂತಕ್ಕೆ ಕೊಲ್ತ್ರಿ?" ಎಂದು ರೇಗಿದಳು. "ಅವ್ರು ಬದ್ಕಿರ್ಬೇಕು. ಮಗು ಆ ಕೋಣೇಲಿ ಮಲಗೂದನ್ನ ಕಣ್ಣಾರೆ ನೋಡ್ಬೇಕು."

ಇ. ನಾಗುವೂ ಕೇರಿಯ ಹೆಂಗಸರೆಲ್ಲರೂ ಸೆರಗು ಸಿಕ್ಕಿಸಿಕೊಂಡು ಬಂದು, ಹಿಂದೆ ರಂಪಣಿ ಎಳೆದಂತೆಯೇ ಬಲೆಯನ್ನು ಕೋಣೆಯಿಂದ ಅಂಗಳಕ್ಕೆ ಎಳೆದರು. ಇದನ್ನು ನಾನೇ ಎರಡೆರಡು ಸಲ ಓದಿಕೊಂಡೆ, ಅಷ್ಟು ಚೆನ್ನಾಗಿತ್ತು. "ಯಾರೂ ಬರೂದಿಲ್ಲ," ಎಂದಳು ಮಂಜಿ. "ಬಂದ್ರೆ ಅವ್ರ ಸುಳ್ಳು ಹೊರಗೆ ಬೀಳ್ತದೆ."

ಈ. ಸಂಪಾದಕರ ಚಿಪ್ಪಿನ ಮುಕ್ತಾಯ. ಇದನ್ನು ಅವಳಿಗೆ ಓದಿ ಹೇಳುವ ಧೈರ್ಯ ನನಗಿಲ್ಲ.

ಉ.

ಐದನೆಯದು ನನ್ನ ಹತ್ತಿರ ಇಲ್ಲ. ಮಂಜಿ ಕುಂಚವನ್ನು ಡಬ್ಬಿಗೆ ಅಡ್ಡ ಇಟ್ಟಳು. ರಾಶಿಯ ಆಚೆ ಈರ ಒಂದು ಮಡಿಕೆಯನ್ನು ಕೈಯಲ್ಲಿ ಹಿಡಿದು ನಿಂತಿದ್ದಾನೆ. ಹೊರಗೆ ಎಳೆಯಲೋ ತಡೆದು ಹಿಡಿಯಲೋ ಎಂದು ಅವನಿಗೂ ತಿಳಿದಂತಿಲ್ಲ. ಅವನ ಬೆರಳಿಗೂ ನೀಲಿ ಹತ್ತಿದೆ. ಇದಕ್ಕೊಂದು ಅರ್ಥ ಕೊಡೋಣ ಎಂದು ನಾನು ಪೆನ್ನು ಎತ್ತಿದೆ.

"ಬರ್ದದ್ದು ಸಾಕು, ಮಾಸ್ತರ್ರೆ," ಎಂದಳು ಮಂಜಿ. "ಪೆನ್ನು ಕೆಳಗಿಡಿ. ಈ ತುದಿ ಹಿಡೀರಿ."

ಹಿಡಿದೆ. ಅಲುಗುವುದಿಲ್ಲ. ಇದು ಒಬ್ಬಿಬ್ಬರು ಎಳೆಯುವ ಬಲೆಯೇ ಅಲ್ಲ, ಎರಡನೆಯ ಭಾಗದಲ್ಲೇ ಹೇಳಿದ್ದೆ. ಓದುಗರೇ, ಇಷ್ಟು ಹೊತ್ತು ಹೊಸ್ತಿಲ ಆಚೆ ನಿಂತು ಎಲ್ಲ ನೋಡಿದಿರಿ. ಕೆಮ್ಮು ನಿಮಗೂ ಕೇಳಿಸಿದೆ. ಅವಳಿಗೆ ಇವತ್ತೋ ನಾಳೆಯೋ ಎನ್ನುವಂತಿದೆ, ಬಾಗಿಲು ಈಗ ಪೂರ್ತಿ ತೆರೆಯುತ್ತದೆ. ಒಳಗೆ ಬನ್ನಿ. ಬಣ್ಣ ಇನ್ನೂ ಹಸಿಯಿದೆ, ಗೋಡೆಗೆ ಮಾತ್ರ ಒರಗಬೇಡಿ.